ಗಣಕಯಂತ್ರದಲ್ಲಿ ಅಂಚೆಪೆಟ್ಟಿಗೆಯೂ ದಿನದರ್ಶಿಯೂ

ಮಿಂಚಂಚೆ ಎಂಬುದು ಈಗ ನಮ್ಮ ವಿದ್ಯಾರ್ಥಿಗಳಿಗೆ ಹೊಸತಲ್ಲ. ಹೆತ್ತವರ ಮೊಬೈಲಿನಲ್ಲಿ ಅದನ್ನು ನೋಡದವರು ವಿರಳ. ಆದರೆ ಮೇಜಿನ ಮೇಲಿನ ಗಣಕಯಂತ್ರದಲ್ಲಿಯೇ ಅಂಚೆಪೆಟ್ಟಿಗೆಯನ್ನೂ ದಿನದರ್ಶಿಯನ್ನೂ ಸ್ಥಾಪಿಸಿಕೊಳ್ಳುವ ಕ್ರಮ ಅನೇಕರಿಗೆ ತಿಳಿದಿಲ್ಲ. ಅದನ್ನು ಇಲ್ಲಿ ವಿವರಿಸುತ್ತೇವೆ. ಒಮ್ಮೆ ಚೆನ್ನಾಗಿ ಎಡವಿದವರಾದುದರಿಂದ ಹೀಗೆ ಹೇಳಲು ನಮಗೆ ತುಸು ಅಧಿಕಾರವೂ ಉಂಟು.

ನಾವು ಆರಿಸಿಕೊಂಡ ತಂತ್ರಾಂಶದ ಹೆಸರು ಥಂಡರ್‌ಬರ್ಡ್. ಇದರ ಮೊದಲ ಪೂರ್ಣ ಆವೃತ್ತಿ 2004ರ ದಶಂಬರದಲ್ಲಿ ಹೊರಬಂದಿತು. ಇದು ಮುಕ್ತ ತಂತ್ರಾಂಶ. ಎಂದರೆ, ಇದರ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಇತರರಿಗೆ ಹಂಚಬಹುದು. ಹಣ ಕೊಡಬೇಕಾಗಿಲ್ಲ ಎಂಬುದು ಎರಡನೆಯ ಮಾತು. ಕೇರಳದ ಶಾಲೆಗಳಿಗೆ ಕೈಟ್ ಸಂಸ್ಥೆ ಒದಗಿಸುವ ಉಬುಂಟು ಆಧಾರಿತ ವ್ಯವಸ್ಥೆಯೂ ಇದೇ ಜಾತಿಯದು.

ಸ್ಥಾಪನೆಯ ಕೆಲಸ ಸುಲಭ. ಉಬುಂಟುವಿನಲ್ಲಿ ಥಂಡರ್‌ಬರ್ಡ್ ಅನೇಕ ವೇಳೆ ಮೊದಲೇ ಇರುತ್ತದೆ. ಇಲ್ಲದಿದ್ದರೆ ತಂತ್ರಾಂಶ ಭಂಡಾರವನ್ನು ತೆರೆದು, ಹೆಸರು ಬರೆದು ಹುಡುಕಿ, ‘ಇನ್‌ಸ್ಟಾಲ್’ ಎಂಬಲ್ಲಿ ಒತ್ತಬೇಕು. ಆಗ ಯಂತ್ರದ ಮೇಲ್ವಿಚಾರಕರ ಗುಪ್ತಪದ ಬೇಕಾಗುವುದು. ಶಾಲೆಯ ಯಂತ್ರವಾದರೆ ಅಧ್ಯಾಪಕರನ್ನು ಕೇಳಿಯೇ ಮುಂದುವರಿಯತಕ್ಕದ್ದು. ವಿಂಡೋಸ್ ಇರುವ ಮನೆಗಳಲ್ಲಿ ಥಂಡರ್‌ಬರ್ಡಿನ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ, ಸಿಕ್ಕಸಿಕ್ಕಲ್ಲಿಂದ ಬೇಡ. ಬಳಿಕ ಹೆಸರು, ಮಿಂಚಂಚೆ ವಿಳಾಸಗಳನ್ನು ಕೊಟ್ಟರೆ ಉಳಿದ ವಿವರಗಳನ್ನು ತಂತ್ರಾಂಶವೇ ಬಹುಮಟ್ಟಿಗೆ ಹುಡುಕಿಕೊಳ್ಳುತ್ತದೆ. ಜಿಮೇಲ್ ವಿಳಾಸವಾದರೆ ಗೂಗಲಿನದೇ ಕಿಟಕಿ ತೆರೆಯುವುದು. ಗುಪ್ತಪದವನ್ನು ಅಲ್ಲಿ ಬರೆಯಬೇಕು.

ಈಗ ಮುಖ್ಯ ವಿಷಯ. ಪತ್ರಗಳನ್ನು ತರಿಸಿಕೊಳ್ಳಲು ಎರಡು ಕ್ರಮಗಳಿವೆ: ಪಾಪ್ ಮತ್ತು ಐಮ್ಯಾಪ್. ಪಾಪ್ ಕ್ರಮದಲ್ಲಿ ಪತ್ರಗಳು ದೂರದ ಸರ್ವರಿನಿಂದ ನಮ್ಮ ಯಂತ್ರಕ್ಕೆ ಇಳಿಯುತ್ತವೆ. ಅಲ್ಲಿ ಪ್ರತಿಯನ್ನು ಉಳಿಸೆಂದು ಹೇಳದಿದ್ದರೆ ಅಲ್ಲಿಂದ ಅಳಿದುಹೋಗುತ್ತವೆ. ಐಮ್ಯಾಪಿನಲ್ಲಿ ಮೂಲ ಪತ್ರ ಸರ್ವರಿನಲ್ಲಿಯೇ ಇದ್ದು, ಮೊಬೈಲಿನಲ್ಲಿಯೂ ಗಣಕದಲ್ಲಿಯೂ ಒಂದೇ ರೀತಿ ಕಾಣುತ್ತದೆ.

ನಾವು ಪಾಪನ್ನು ಆರಿಸಿದ್ದೆವು. ಸರ್ವರಿನಲ್ಲಿ ಜಾಗ ತುಂಬೀತೆಂಬ ಜಾಣತನದಿಂದ ‘ಪ್ರತಿ ಉಳಿಸು’ ಎಂಬುದರ ಗುರುತನ್ನೂ ತೆಗೆದಿದ್ದೆವು. ಎರಡು ತಿಂಗಳು ಎಲ್ಲವೂ ಸರಿಯಾಗಿತ್ತು. ಒಂದು ಮಳೆಗಾಲದ ಬೆಳಿಗ್ಗೆ ಯಂತ್ರದ ಹಾರ್ಡ್‌ಡಿಸ್ಕ್ ಕೆಟ್ಟಿತು. ಹತ್ತನೆಯ ತರಗತಿಯ ಒಬ್ಬ ಹುಡುಗಿಯ ವಿದ್ಯಾರ್ಥಿವೇತನದ ಅರ್ಜಿಸಂಖ್ಯೆಯಿದ್ದ ಪತ್ರ ಅದರೊಳಗಿತ್ತು. ಸರ್ವರಿನಲ್ಲಿ ನೋಡಿದರೆ ಪೆಟ್ಟಿಗೆ ಖಾಲಿ! ಕೊನೆಯ ದಿನಕ್ಕೆ ನಾಲ್ಕೇ ದಿನಗಳಿದ್ದವು. ಅವಳ ತಂದೆ ಕೂಲಿ ಬಿಟ್ಟು ಎರಡು ದಿನ ಕಚೇರಿಗೆ ಅಲೆದು ಸಂಖ್ಯೆಯನ್ನು ಬರೆದುಕೊಂಡು ಬಂದರು. “ಹೋಗಲಿ ಮಾಷ್ಟ್ರೇ, ಸಿಕ್ಕಿತಲ್ಲ” ಎಂದರು. ನಮಗೆ ತಲೆ ಎತ್ತಲಾಗಲಿಲ್ಲ.

ಆದುದರಿಂದ ಐಮ್ಯಾಪನ್ನೇ ಆರಿಸಿರಿ. ಆದರೆ ಅದರಲ್ಲಿ ಒಂದು ಕಡೆ ಅಳಿಸಿದರೆ ಎಲ್ಲ ಕಡೆಯೂ ಅಳಿಯುವುದೆಂಬುದನ್ನು ಮರೆಯಬಾರದು. ಮುಖ್ಯ ಪತ್ರಗಳ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಬೇರೆಯಾಗಿ ಇಡುವುದು ಲೇಸು. ಕನ್ನಡದಲ್ಲಿ ಬರೆಯುವವರು ಯುನಿಕೋಡ್ ಅಕ್ಷರಗಳನ್ನೇ ಬಳಸಬೇಕು. ಹಳೆಯ ಫಾಂಟುಗಳಲ್ಲಿ ಬರೆದುದು ಆ ಫಾಂಟು ಇಲ್ಲದವರಿಗೆ ಅರ್ಥವಿಲ್ಲದ ಗುರುತುಗಳಾಗಿ ಕಾಣಿಸುತ್ತದೆ.

ದಿನದರ್ಶಿಯನ್ನು ಮೊದಲು ಪ್ರತ್ಯೇಕವಾಗಿ ಸೇರಿಸಬೇಕಾಗಿತ್ತು. 2015ರಿಂದ ಅದು ಥಂಡರ್‌ಬರ್ಡಿನೊಂದಿಗೇ ಬರುತ್ತದೆ. ಹೊಸ ದಿನದರ್ಶಿಯನ್ನು ಈ ಯಂತ್ರದಲ್ಲಿಯೇ ಇಡಬೇಕೋ ಜಾಲದಲ್ಲಿಡಬೇಕೋ ಎಂದು ಕೇಳುತ್ತದೆ. ಯಂತ್ರದಲ್ಲಿಯೇ ಇಟ್ಟುದು ಮೊಬೈಲಿಗೆ ತಾನಾಗಿ ಬಾರದು. ಓಣಂ ಪರೀಕ್ಷೆ, ಶುಲ್ಕದ ಕೊನೆಯ ದಿನ, ರಕ್ಷಕ-ಶಿಕ್ಷಕ ಸಂಘದ ಸಭೆ ಮುಂತಾದವನ್ನು ಬರೆದು, ಒಂದು ದಿನ ಮುಂಚಿತವಾಗಿ ನೆನಪಿಸೆಂದು ಗೊತ್ತುಪಡಿಸಬಹುದು. ಆಗಸ್ಟ್ 15ಕ್ಕೆ ‘ಪ್ರತಿವರ್ಷ’ ಎಂದು ಗುರುತು ಹಾಕಿದರೆ ಸಾಕು. ಆದರೆ ನಮ್ಮ ಹುಡುಗನೊಬ್ಬ ಚೌತಿಗೂ ಹಾಗೆಯೇ ಮಾಡಿಬಿಟ್ಟ. ಚೌತಿ ತಿಥಿಯನ್ನು ಅನುಸರಿಸುವುದರಿಂದ ತಾರೀಕು ವರ್ಷವರ್ಷವೂ ಬದಲಾಗುತ್ತದೆ; ಅದನ್ನು ಪಂಚಾಂಗ ನೋಡಿ ಕೈಯಾರೆ ಬರೆಯಬೇಕು.