ಬಟ್ಟೆ ತಿನ್ನುವ ಬೆಕ್ಕು

ಅದೊಂದು ಚಿಕ್ಕ ಹೆಂಚಿನ ಮನೆ. ಮನೆಯಲ್ಲಿ ಅತ್ತೆ, ಸೊಸೆ ಮತ್ತು ಎಂಟು ವರ್ಷದ ಮೊಮ್ಮಗಳು. ಸೊಸೆ ಹೊಲಿಗೆ ಕೆಲಸ ಮಾಡುತ್ತಾಳೆ. ಊರಿನ ಹೆಂಗಸರ ರವಿಕೆ ಹೊಲಿಯುತ್ತಾಳೆ. ಆ ದುಡ್ಡಿನಿಂದಲೇ ಸಂಸಾರ ನಡೆಯಬೇಕು.

ಆ ಮನೆಯಲ್ಲಿ ಒಂದು ಬೆಕ್ಕು ಇದೆ. ಒಂದು ತಿಂಗಳೂ ತುಂಬದ ಮರಿಯಾಗಿದ್ದಾಗಲೇ ಅದಕ್ಕೆ ತಾಯಿ ಇಲ್ಲವಾಯಿತು. ಮೊಮ್ಮಗಳು ಅದನ್ನು ಮನೆಗೆ ತಂದಳು. ಮರಿ ಅಜ್ಜಿಯ ಕಂಬಳಿಯಲ್ಲಿ ಮಲಗುತ್ತಿತ್ತು. ಕಂಬಳಿಯ ಅಂಚನ್ನು ಬಾಯಲ್ಲಿಟ್ಟು ಚೀಪುತ್ತಿತ್ತು. ಮುಂಗಾಲಿನಿಂದ ಕಂಬಳಿಯನ್ನು ತುಳಿಯುತ್ತಿತ್ತು. "ನೋಡ್ರೇ, ಮಗು ಹಾಲು ಕುಡಿದ ಹಾಗೇ ಮಾಡ್ತದೆ" ಎಂದು ಅಜ್ಜಿ ನಗುತ್ತಿದ್ದಳು.

ಮರಿ ದೊಡ್ಡದಾಯಿತು. ಚೀಪುವುದು ಬಿಟ್ಟು ಅಗಿಯಲು ಶುರು ಮಾಡಿತು. ಕಂಬಳಿಯಲ್ಲಿ ತೂತು ಬಿದ್ದವು. ಟವೆಲಿನ ಅಂಚು ಹೋಯಿತು. ಮಗುವಿನ ಸ್ವೆಟರಿನ ತೋಳು ಹೋಯಿತು. ಆದರೆ ಚೂರುಗಳು ನೆಲದ ಮೇಲೆ ಬೀಳಲಿಲ್ಲ. ಬೆಕ್ಕು ಅವನ್ನು ನುಂಗುತ್ತಿತ್ತು.

ಒಂದು ದಿನ ಎದುರು ಮನೆಯವರ ಮದುವೆಗೆ ಹೊಲಿಯಬೇಕಿದ್ದ ರವಿಕೆ ಬಟ್ಟೆಗೇ ಬಾಯಿ ಹಾಕಿತು. ಸೊಸೆ ತಲೆ ಮೇಲೆ ಕೈಹೊತ್ತು ಕೂತಳು.

ಅತ್ತೆಗೆ ಸಿಟ್ಟು ಬಂತು. "ಸಾಕು ಕಣೇ ಇದರ ಸಹವಾಸ. ಗೋಣಿಚೀಲಕ್ಕೆ ಹಾಕಿ ಹೊಳೆಯಾಚೆ ಬಿಟ್ಟು ಬಾ" ಅಂದಳು.

ಸೊಸೆ ಹೇಳಿದಳು, "ಬಿಟ್ಟು ಬಂದರೆ ರಾಗಿ ಮೂಟೆ ಕಾಯೋರು ಯಾರು ಅತ್ತೆ? ಇದು ಬಂದ ಮೇಲೆ ತಾನೇ ಇಲಿ ಕಾಟ ತಪ್ಪಿದ್ದು?"

ಎರಡು ದಿನ ಈ ಮಾತೇ ನಡೆಯಿತು.

ಮೂರನೇ ದಿನ ಬೆಕ್ಕು ಮಂಚದ ಕೆಳಗೆ ಹೋಗಿ ಮಲಗಿತು. ಅನ್ನ ಮುಟ್ಟಲಿಲ್ಲ. ಮೀನು ಇಟ್ಟರೂ ಮೂಸಲಿಲ್ಲ. ಮತ್ತೆ ಮತ್ತೆ ವಾಂತಿ ಮಾಡಿತು. ಮೊಮ್ಮಗಳು ಬಗ್ಗಿ ನೋಡಿದಳು. ಬೆಕ್ಕಿನ ಬಾಯಿಂದ ಒಂದು ದಾರ ಇಳಿಬಿದ್ದಿತ್ತು.

"ಅಜ್ಜಿ, ದಾರ!"

"ಎಳೆದು ತೆಗಿಯೇ ಅದನ್ನ" ಅಂದಳು ಅಜ್ಜಿ.

ಸೊಸೆ ಓಡಿ ಬಂದು ಮಗಳ ಕೈ ಹಿಡಿದಳು. "ಬೇಡ, ಎಳೀಬೇಡ! ದಾರದ ಆ ತುದೀಲಿ ಸೂಜಿ ಇದ್ದರೆ?"

ಹೊಲಿಗೆಯವಳಿಗೆ ಅದು ಹೊಳೆಯಿತು. ಅವಳು ಬೆಕ್ಕನ್ನು ಬುಟ್ಟಿಯಲ್ಲಿಟ್ಟಳು. ಮೇಲೆ ಇನ್ನೊಂದು ಬುಟ್ಟಿ ಮುಚ್ಚಿ ಕಟ್ಟಿದಳು. ಅತ್ತೆಯನ್ನೂ ಕರೆದುಕೊಂಡು ಮೊದಲ ಬಸ್ಸಿಗೇ ಜಿಲ್ಲಾ ಕೇಂದ್ರದ ಪಶು ಆಸ್ಪತ್ರೆಗೆ ಹೋದಳು.

ಡಾಕ್ಟರಮ್ಮ ಏನು ಹೇಳಿದರು?

ಡಾಕ್ಟರಮ್ಮ ಬೆಕ್ಕಿನ ಬಾಯಿ ತೆರೆದು ನೋಡಿದರು. ದಾರ ನಾಲಿಗೆಯ ಬುಡಕ್ಕೆ ಸುತ್ತಿಕೊಂಡಿತ್ತು. ಉಳಿದದ್ದು ಹೊಟ್ಟೆಯೊಳಗೆ ಹೋಗಿತ್ತು. ಎಕ್ಸ್‌ರೇ ತೆಗೆದರು. ಸೂಜಿ ಇರಲಿಲ್ಲ.

"ಸೂಜಿ ಇಲ್ಲದಿದ್ದರೆ ಎಳೆಯಬಹುದಿತ್ತಾ?" ಎಂದು ಅತ್ತೆ ಕೇಳಿದಳು.

"ಇಲ್ಲಮ್ಮ. ಲಂಗದ ಲಾಡಿ ಎಳೆದರೆ ಏನಾಗುತ್ತದೆ?"

"ಬಟ್ಟೆಯೆಲ್ಲ ನೆರಿಗೆ ಆಗ್ತದೆ."

"ಇಲ್ಲೂ ಹಾಗೇ. ದಾರದ ಒಂದು ತುದಿ ನಾಲಿಗೆಗೆ ಸಿಕ್ಕಿಕೊಂಡಿದೆ. ಇನ್ನೊಂದು ತುದಿ ಕರುಳಿಗೆ ಹೋಗಿದೆ. ಕರುಳು ಅದನ್ನು ಮುಂದೆ ತಳ್ಳಲು ನೋಡುತ್ತದೆ. ಆದರೆ ದಾರ ಜರುಗುವುದಿಲ್ಲ. ಆಗ ಕರುಳೇ ನೆರಿಗೆ ನೆರಿಗೆಯಾಗಿ ಸೇರಿಕೊಳ್ಳುತ್ತದೆ. ಬಿಗಿಯಾದ ದಾರ ಕರುಳನ್ನು ಕುಯ್ಯುತ್ತದೆ. ನೀವು ಎಳೆದಿದ್ದರೆ ಕರುಳು ಬೇಗ ಹರಿಯುತ್ತಿತ್ತು. ಬೆಕ್ಕು ಸಾಯುತ್ತಿತ್ತು."

"ನುಂಗಿದ್ದನ್ನು ಅದೇ ಉಗುಳಬಾರದಾ?"

"ಅದರ ನಾಲಿಗೆ ಮುಟ್ಟಿ ನೋಡಿದ್ದೀರಾ? ಒರಟಾಗಿರುತ್ತದೆ. ಅದರ ಮೇಲೆ ಸಣ್ಣ ಸಣ್ಣ ಮುಳ್ಳುಗಳಿವೆ. ಅವು ಗಂಟಲಿನ ಕಡೆಗೆ ಬಾಗಿವೆ. ನೂಲು, ದಾರ ಒಳಗೆ ಹೋಗುವುದು ಸುಲಭ, ಹೊರಗೆ ಬರುವುದು ಕಷ್ಟ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತೀವಿ. ದಾರದ ಆಟದಲ್ಲಿ ಬೆಕ್ಕಿಗೇ ಪ್ರಾಣಸಂಕಟ."

ಬೆಕ್ಕಿಗೆ ಮತ್ತು ಬರುವ ಔಷಧಿ ಕೊಟ್ಟರು. ಹೊಟ್ಟೆ ಕೊಯ್ದು ದಾರ ತೆಗೆದರು. ಜೊತೆಗೆ ಕಂಬಳಿಯ ಚೂರೂ ಸಿಕ್ಕಿತು. ಬೆಕ್ಕು ಬದುಕಿತು.

ಬೆಕ್ಕು ಬಟ್ಟೆ ಏಕೆ ತಿನ್ನುತ್ತದೆ?

ಅತ್ತೆಗೆ ಒಂದು ಮಾತು ಕೊರೆಯುತ್ತಿತ್ತು. "ನಾವು ಹೊಟ್ಟೆಗೆ ಹಾಕ್ತೀವಿ. ಆದರೂ ಬಟ್ಟೆ ತಿನ್ನೋದು ಕೊಬ್ಬಲ್ಲವಾ?" ಎಂದು ಕೇಳಿದಳು.

ಡಾಕ್ಟರಮ್ಮ ತಿಳಿಸಿ ಹೇಳಿದರು. ಇದು ಕೊಬ್ಬಲ್ಲ, ದೆವ್ವದ ಕಾಟವೂ ಅಲ್ಲ. ಇದಕ್ಕೆ ಹಲವು ಕಾರಣಗಳಿರಬಹುದು.

ಒಂದು, ತಾಯಿಯಿಂದ ಬೇಗ ಅಗಲಿದ್ದು. ಮರಿ ಕನಿಷ್ಠ ಎರಡು ತಿಂಗಳು ತಾಯಿಯ ಜೊತೆ ಇರಬೇಕು. ಬೇಗ ಅಗಲಿದ ಕೆಲವು ಮರಿಗಳು ಉಣ್ಣೆಯನ್ನು ಚೀಪುತ್ತವೆ. ಆಮೇಲೆ ಅದೇ ಅಭ್ಯಾಸವಾಗುತ್ತದೆ. ಕೆಲವು ತಳಿಗಳಿಗೆ ಇದು ಹುಟ್ಟುಗುಣ. ಸಯಾಮಿ ಬೆಕ್ಕು ಅಂಥದ್ದು.

ಎರಡು, ಕಾಯಿಲೆ. ಹೊಟ್ಟೆಯಲ್ಲಿ ಜಂತುಹುಳು ಇರಬಹುದು. ರಕ್ತ ಕಡಿಮೆ ಇರಬಹುದು. ಹಲ್ಲು ನೋವು ಇರಬಹುದು.

ಮೂರು, ಆಹಾರದ ಕೊರತೆ. ಬೆಕ್ಕು ಮಾಂಸ ತಿನ್ನುವ ಪ್ರಾಣಿ. ಬರೀ ಹಾಲು ಅನ್ನ ಸಾಲದು. ಮಾಂಸದಲ್ಲಿ ಟೌರಿನ್ ಎಂಬ ಸತ್ವ ಇದೆ. ಅದು ಸಿಗದಿದ್ದರೆ ಬೆಕ್ಕಿನ ಕಣ್ಣು ಹಾಳಾಗುತ್ತದೆ ಎಂದು ವಿಜ್ಞಾನಿಗಳು 1975ರಲ್ಲಿ ತೋರಿಸಿದರು. ಹೃದಯವೂ ಸೋಲುತ್ತದೆ ಎಂದು 1987ರಲ್ಲಿ ತಿಳಿಯಿತು.

ನಾಲ್ಕು, ಬೇಸರ ಮತ್ತು ಹೆದರಿಕೆ. ದಿನವಿಡೀ ಒಂದೇ ಕೋಣೆಯಲ್ಲಿ ಕೂಡಿಟ್ಟರೆ, ಹೊಡೆದರೆ, ಬೆಕ್ಕು ಇನ್ನೂ ಹೆಚ್ಚು ಅಗಿಯುತ್ತದೆ.

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನಾನು ಬಸುರಿಯಾಗಿದ್ದಾಗ ಗೋಡೆ ಮಣ್ಣು ತಿಂತಿದ್ದೆ. ನಮ್ಮತ್ತೆ ಹೊಡೀತಿದ್ದರು" ಅಂದಳು.

"ಹೊಡೆದಾಗ ಮಣ್ಣು ತಿನ್ನೋದು ಬಿಟ್ಟಿರಾ?"

"ಎಲ್ಲಿ ಬಿಟ್ಟೆ? ಕದ್ದು ತಿಂದೆ."

"ಮೈಯಲ್ಲಿ ರಕ್ತ ಕಡಿಮೆಯಾದಾಗ ಕೆಲವರಿಗೆ ಮಣ್ಣು, ಬಳಪ, ಹಸಿ ಅಕ್ಕಿ ತಿನ್ನೋ ಆಸೆ ಆಗುತ್ತದಮ್ಮ. ಹೊಡೆದರೆ ಅದು ಹೋಗೋಲ್ಲ. ರಕ್ತ ಪರೀಕ್ಷೆ ಮಾಡಿಸಬೇಕು. ಕಬ್ಬಿಣದ ಮಾತ್ರೆ ನುಂಗಬೇಕು. ಬೆಕ್ಕಿಗೂ ಅಷ್ಟೆ. ಮೊದಲು ಕಾರಣ ಹುಡುಕಬೇಕು."

ಅಕ್ಕಂದಿರೇ, ನಿಮ್ಮ ಮನೆಯಲ್ಲಿ ಯಾರಾದರೂ ಮಣ್ಣು, ಬಳಪ ತಿನ್ನುತ್ತಿದ್ದಾರೆಯೇ? ಆಶಾ ಕಾರ್ಯಕರ್ತೆಗೆ ಹೇಳಿ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಸುರಿಯರಿಗೆ ಕಬ್ಬಿಣದ ಮಾತ್ರೆ ಉಚಿತ.

ನಾವು ಏನು ಮಾಡಬೇಕು?

1. ದಾರ, ಸೂಜಿ, ಲಾಡಿ, ಉಣ್ಣೆ ನೂಲು, ರಬ್ಬರ್ ಬ್ಯಾಂಡ್ ಇವನ್ನು ಮುಚ್ಚಳವಿರುವ ಡಬ್ಬದಲ್ಲಿಡಿ. ಹೊಲಿಗೆ ಮುಗಿದ ಕೂಡಲೇ ನೆಲ ಗುಡಿಸಿ.

2. ಕಂಬಳಿ, ಸ್ವೆಟರ್, ಟವೆಲ್ ಟ್ರಂಕಿನಲ್ಲಿಡಿ. ಬೆಕ್ಕಿಗೆ ಬಟ್ಟೆ ಸಿಗದಂತೆ ಮಾಡುವುದೇ ದೊಡ್ಡ ಔಷಧಿ.

3. ಪಶುವೈದ್ಯರಿಗೆ ತೋರಿಸಿ. ಅವರನ್ನು ಕೇಳಿ ಜಂತುಹುಳುವಿಗೆ ಔಷಧಿ ಹಾಕಿ.

4. ಮುಳ್ಳು ತೆಗೆದ ಬೆಂದ ಮೀನು, ಮೂಳೆ ಇಲ್ಲದ ಮಾಂಸ, ಬೇಯಿಸಿದ ಮೊಟ್ಟೆ ಕೊಡಿ. ದಿನದ ಊಟವನ್ನು ಮೂರು ನಾಲ್ಕು ಸಲಕ್ಕೆ ಹಂಚಿ.

5. ತೆಂಗಿನ ಚಿಪ್ಪಿನಲ್ಲಿ ಮಣ್ಣು ಹಾಕಿ ಗೋಧಿ ಬಿತ್ತಿ. ಅಗಿಯುವ ಆಸೆಗೆ ಬೆಕ್ಕು ಆ ಹುಲ್ಲನ್ನು ತಿನ್ನಲಿ.

6. ದಿನಕ್ಕೆ ಎರಡು ಸಲ ಸ್ವಲ್ಪ ಹೊತ್ತು ಆಡಿಸಿ. ಕಾಗದದ ದೊಡ್ಡ ಉಂಡೆ, ಖಾಲಿ ರಟ್ಟಿನ ಪೆಟ್ಟಿಗೆ ಸಾಕು. ದಾರ ಕಟ್ಟಿ ಆಡಿಸಬೇಡಿ.

7. ಬೆಕ್ಕು ಬಟ್ಟೆ ಅಗಿಯುವುದು ಕಂಡರೆ ಕಿರುಚಬೇಡಿ. ತಿನ್ನಲು ಬೇರೆ ಏನಾದರೂ ತೋರಿಸಿ. ಅದು ಬಾಯಿ ಬಿಟ್ಟಾಗ ಬಟ್ಟೆ ತೆಗೆದುಕೊಳ್ಳಿ.

ನಾವು ಏನು ಮಾಡಬಾರದು?

ಬಾಯಿಂದಾಗಲಿ ಹಿಂದಿನಿಂದಾಗಲಿ ಇಳಿಬಿದ್ದ ದಾರವನ್ನು ಎಳೆಯಬಾರದು. ಉಪ್ಪುನೀರು, ಎಣ್ಣೆ ಕುಡಿಸಿ ವಾಂತಿ ಮಾಡಿಸಬಾರದು.

ಬಟ್ಟೆಗೆ ಖಾರದ ಪುಡಿ, ಸೀಮೆಎಣ್ಣೆ ಹಚ್ಚಬಾರದು. ಬೆಕ್ಕಿಗೆ ಸಿಗುವಲ್ಲಿ ನುಸಿ ಗುಳಿಗೆ ಇಡಬಾರದು. ನುಸಿ ಗುಳಿಗೆ ಬೆಕ್ಕಿಗೆ ವಿಷ. ಮಕ್ಕಳಿಗೂ ವಿಷ.

ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ಕೊಡಬಾರದು. ಅದರಿಂದ ಬೆಕ್ಕಿನ ರಕ್ತ ಕೆಡುತ್ತದೆ.

ಸಾಕಿದ ಬೆಕ್ಕನ್ನು ದೂರ ಒಯ್ದು ಬಿಟ್ಟು ಬರಬಾರದು. ಅಲ್ಲಿ ಅದು ಹಸಿವಿನಿಂದ ನರಳುತ್ತದೆ. ಹೀಗೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ.

ಯಾವಾಗ ಆಸ್ಪತ್ರೆಗೆ ಓಡಬೇಕು?

ಬೆಕ್ಕು ಮತ್ತೆ ಮತ್ತೆ ವಾಂತಿ ಮಾಡಿದರೆ, ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ, ಮುಕ್ಕಿದರೂ ಸಗಣಿ ಬೀಳದಿದ್ದರೆ, ಹೊಟ್ಟೆ ಮುಟ್ಟಿದರೆ ನರಳಿದರೆ ಕಾಯಬೇಡಿ. ಅಂದೇ ಪಶು ಆಸ್ಪತ್ರೆಗೆ ಒಯ್ಯಿರಿ. ದಾರ ನುಂಗಿದ್ದನ್ನು ಕಣ್ಣಾರೆ ಕಂಡರೆ ವಾಂತಿ ಆಗುವವರೆಗೂ ಕಾಯಬೇಡಿ.

ನೋವಿನಲ್ಲಿರುವ ಬೆಕ್ಕು ಕಚ್ಚುತ್ತದೆ, ಪರಚುತ್ತದೆ. ಬೆಕ್ಕಿನಿಂದಲೂ ರೇಬೀಸ್ ಬರಬಹುದು. ಗಾಯವನ್ನು ಸೋಪು ಹಚ್ಚಿ, ಸುರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರ ಹಚ್ಚಬೇಡಿ. ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಕೇಳಿ.

ಆಮೇಲೆ ಏನಾಯಿತು?

ಸೊಸೆ ಎದುರು ಮನೆಗೆ ಹೋಗಿ ನಿಜ ಹೇಳಿದಳು. ಅದೇ ಬಣ್ಣದ ಬಟ್ಟೆ ತಂದು ರವಿಕೆ ಹೊಲಿದು ಕೊಟ್ಟಳು. ಆ ತಿಂಗಳು ಕೈ ಬಿಗಿಯಾಯಿತು. ಎರಡು ರೂಪಾಯಿಯ ದಾರ ಎಷ್ಟು ಖರ್ಚು ತಂದಿತು ಎಂದು ಅವಳು ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಳು.

ಬೆಕ್ಕಿನ ಚಾಳಿ ಪೂರ್ತಿ ಹೋಗಿಲ್ಲ. ಈಗಲೂ ಕಂಬಳಿ ಕಂಡರೆ ಮೂಸುತ್ತದೆ. ಅದಕ್ಕೇ ಬೆಳಗಾದ ಕೂಡಲೇ ಅತ್ತೆಯೇ ಕಂಬಳಿ ಮಡಿಸಿ ಟ್ರಂಕಿನಲ್ಲಿಡುತ್ತಾಳೆ. ದಾರದ ಡಬ್ಬದ ಮುಚ್ಚಳ ಹಾಕಿದೆಯೇ ಎಂದು ನೋಡುವುದು ಮೊಮ್ಮಗಳ ಕೆಲಸ. ಡಬ್ಬದ ಮೇಲೆ ಅವಳು ದಪ್ಪ ಅಕ್ಷರದಲ್ಲಿ ಬರೆದಿದ್ದಾಳೆ: "ಮುಚ್ಚಿಡಿ."

ಮಾತಾಡೋಣ

1. ಸೊಸೆ ದಾರ ಎಳೆಯಲು ಏಕೆ ಬಿಡಲಿಲ್ಲ?
2. ಅತ್ತೆಗೆ ಹೊಡೆದರೂ ಮಣ್ಣು ತಿನ್ನುವುದು ಏಕೆ ನಿಲ್ಲಲಿಲ್ಲ?
3. ನಿಮ್ಮ ಮನೆಯಲ್ಲಿ ಸೂಜಿ ದಾರ ಎಲ್ಲಿಡುತ್ತೀರಿ? ಅದು ಮಗುವಿನ ಕೈಗೆ ಸಿಗುತ್ತದೆಯೇ?

ಬರೆಯೋಣ

ನಿಮ್ಮ ಹತ್ತಿರದ ಪಶು ಆಸ್ಪತ್ರೆ ಯಾವ ಊರಿನಲ್ಲಿದೆ? ಎಷ್ಟು ಗಂಟೆಗೆ ತೆರೆಯುತ್ತದೆ? ಕೇಳಿ ತಿಳಿದು ಒಂದು ಚೀಟಿಯಲ್ಲಿ ಬರೆಯಿರಿ. ಅದನ್ನು ಮನೆಯ ಗೋಡೆಗೆ ಅಂಟಿಸಿ.