ಗೊಬ್ಬರದ ಅಭಾವ ಹುಟ್ಟುವುದು ಹೇಗೆ? ಒಂದು ಆಟ ಕಲಿಸುವ ಪಾಠ

ಮುಂಗಾರು ಮಳೆ ಹದವಾಗಿ ಬಿದ್ದು, ಪೈರು ಮೇಲುಗೊಬ್ಬರಕ್ಕೆ ಬಂದ ವಾರದಲ್ಲೇ ಅಂಗಡಿಯಲ್ಲಿ ಯೂರಿಯಾ ಇಲ್ಲವೆಂಬ ಮಾತು ಕೇಳಿಬರುವುದು ರೈತ ಬಾಂಧವರಿಗೆ ಹೊಸದಲ್ಲ. ಆಗ ರೈತರು ಅಂಗಡಿಯವರನ್ನು ದೂರುತ್ತಾರೆ, ಅಂಗಡಿಯವರು ಸಗಟು ವ್ಯಾಪಾರಿಯನ್ನು ದೂರುತ್ತಾರೆ, ಸಗಟು ವ್ಯಾಪಾರಿ ಕಾರ್ಖಾನೆಯತ್ತ ಬೆರಳು ತೋರಿಸುತ್ತಾನೆ. ಎರಡು ತಿಂಗಳು ಕಳೆದರೆ ಅದೇ ಅಂಗಡಿಯ ಉಗ್ರಾಣದಲ್ಲಿ ಕೊಳ್ಳುವವರಿಲ್ಲದ ಚೀಲಗಳು ತೇವ ಹಿಡಿದು ಗಟ್ಟಿಯಾಗಿ ಕುಳಿತಿರುವುದೂ ಉಂಟು. ಅಭಾವವೂ ಅತಿಯಾದ ದಾಸ್ತಾನೂ ಹೀಗೆ ಒಂದರ ಬೆನ್ನಿಗೆ ಒಂದು ಬರುವುದೇಕೆ? ಇದನ್ನು ಭಾಷಣದಿಂದ ತಿಳಿಸುವುದಕ್ಕಿಂತ ಆಟದಿಂದ ತಿಳಿಸುವುದು ಸುಲಭ. ರೈತ ಸಂಘಗಳಲ್ಲಿ, ಸಹಕಾರ ಸಂಘಗಳಲ್ಲಿ, ರೈತ ಉತ್ಪಾದಕರ ಕಂಪನಿಗಳಲ್ಲಿ ಎರಡು ಗಂಟೆಯ ಅವಧಿಯಲ್ಲಿ ಆಡಬಹುದಾದ ಅಂಥ ಒಂದು ಆಟವನ್ನು ಇಲ್ಲಿ ವಿವರಿಸಲಾಗಿದೆ.

ಆಟದ ಮೂಲ

ಈ ಆಟ ಹುಟ್ಟಿದ್ದು ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ, ಪ್ರೊಫೆಸರ್ ಜೇ ಫಾರೆಸ್ಟರ್ ಅವರ ಬಳಗದಲ್ಲಿ, 1960ರ ಆಸುಪಾಸಿನಲ್ಲಿ. 1918ರಲ್ಲಿ ನೆಬ್ರಾಸ್ಕಾ ಸಂಸ್ಥಾನದ ದನ ಸಾಕುವ ಕುಟುಂಬದಲ್ಲಿ ಜನಿಸಿದ ಫಾರೆಸ್ಟರ್, ಶಾಲೆಗೆ ಹೋಗುವ ವಯಸ್ಸಿನಲ್ಲೇ ಗಾಳಿಯಿಂದ ವಿದ್ಯುತ್ ತೆಗೆಯುವ ಸಾಧನವನ್ನು ಕಟ್ಟಿ ತಮ್ಮ ಮನೆಗೆ ಮೊದಲ ಬಾರಿಗೆ ವಿದ್ಯುತ್ ತಂದವರು. ಅವರ ಬಳಗದವರು ಆಟಕ್ಕೆ ಆರಿಸಿಕೊಂಡ ಸರಕು ಬಿಯರ್ ಪೆಟ್ಟಿಗೆಗಳು. ಆದ್ದರಿಂದ ಇದಕ್ಕೆ ಬಿಯರ್ ಆಟ ಎಂಬ ಹೆಸರೇ ನಿಂತಿದೆ. ಹೆಸರು ಕೇಳಿ ಯಾರೂ ಮುಜುಗರಪಡಬೇಕಾಗಿಲ್ಲ. ಆಟದಲ್ಲಿ ಕುಡಿಯುವುದಕ್ಕೆ ಒಂದು ತೊಟ್ಟೂ ಇಲ್ಲ! ನಮ್ಮ ತರಬೇತಿಗಳಲ್ಲಿ ಬಿಯರಿನ ಬದಲು ಗೊಬ್ಬರದ ಚೀಲ ಎಂದಿಟ್ಟುಕೊಂಡು, ನಿಯಮಗಳನ್ನು ಸ್ವಲ್ಪ ಸರಳಗೊಳಿಸಿದ್ದೇವೆ.

ಬೇಕಾಗುವ ಸಾಮಗ್ರಿ

ಅಳಗುಳಿಮಣೆ ಆಡಿದವರಿಗೆ ಈ ಆಟದ ಸಲಕರಣೆ ಪರಿಚಿತವೇ. ಒಂದೆರಡು ಸೇರು ಹುಣಸೆಬೀಜ, ಕಾಗದದ ಚೀಟಿಗಳು, ನಾಲ್ಕು ನೋಟುಪುಸ್ತಕ ಮತ್ತು ಒಂದು ಉದ್ದನೆಯ ಮೇಜು ಅಥವಾ ಜಮಖಾನೆ ಇದ್ದರೆ ಸಾಕು. ಒಂದು ಹುಣಸೆಬೀಜವೆಂದರೆ ಒಂದು ಚೀಲ ಗೊಬ್ಬರ. ಸಾಲಾಗಿ ನಾಲ್ಕು ಮನೆಗಳು: ಹಳ್ಳಿಯ ಅಂಗಡಿ, ತಾಲ್ಲೂಕಿನ ವ್ಯಾಪಾರಿ, ಜಿಲ್ಲೆಯ ಸಗಟು ವಿತರಕ ಮತ್ತು ಕಾರ್ಖಾನೆ. ಪ್ರತಿ ಮನೆಗೆ ಇಬ್ಬರು ಕೂರಬೇಕು. ಒಬ್ಬರು ಬೀಜ ಎಣಿಸಿದರೆ ಇನ್ನೊಬ್ಬರು ಲೆಕ್ಕ ಬರೆಯಬೇಕು.

ಆಡುವ ಕ್ರಮ

1. ಆರಂಭದಲ್ಲಿ ಪ್ರತಿ ಮನೆಯಲ್ಲೂ 12 ಚೀಲ ದಾಸ್ತಾನಿರಬೇಕು. ಹಿಂದಿನ ವಾರಗಳಲ್ಲಿ ವಾರಕ್ಕೆ 4 ಚೀಲದಂತೆ ಬೇಡಿಕೆ ಹೋಗಿದೆ, ಅಷ್ಟೇ ಸರಕು ದಾರಿಯಲ್ಲಿದೆ ಎಂದು ಭಾವಿಸಬೇಕು.

2. ಪ್ರತಿ ವಾರವೂ ಮೊದಲು ಬಂದ ಸರಕನ್ನು ಒಳಗಿಟ್ಟು, ನಂತರ ಕೇಳಿದವರಿಗೆ ಕೊಟ್ಟು, ಉಳಿದದ್ದನ್ನು ಬರೆದು, ಕೊನೆಯಲ್ಲಿ ಮೇಲಿನ ಮನೆಗೆ ಬೇಡಿಕೆ ಚೀಟಿ ಬರೆಯಬೇಕು.

3. ಚೀಟಿ ಮೇಲಿನ ಮನೆ ಸೇರಲು ಒಂದು ವಾರ, ಸರಕು ಇಳಿದು ಬರಲು ಎರಡು ವಾರ. ಅಂದರೆ ಈ ವಾರ ಕೇಳಿದ ಗೊಬ್ಬರ ಕೈ ಸೇರುವುದು ಮೂರು ವಾರಕ್ಕೆ. ಕಾರ್ಖಾನೆಗೂ ತಯಾರಿಕೆಗೆ ಮೂರು ವಾರ ಬೇಕು.

4. ರೈತರು ಕೊಳ್ಳುವ ಚೀಲಗಳ ಸಂಖ್ಯೆಯನ್ನು ಆಟ ನಡೆಸುವವರು ಮೊದಲೇ ಬರೆದಿಟ್ಟಿರುತ್ತಾರೆ. ಅದನ್ನು ಅಂಗಡಿಯವರು ಮಾತ್ರ ನೋಡಬೇಕು.

5. ಒಂದು ಚೀಲ ಒಂದು ವಾರ ಉಗ್ರಾಣದಲ್ಲಿ ಉಳಿದರೆ 50 ಪೈಸೆ ಖರ್ಚು. ಕೇಳಿದವರಿಗೆ ಕೊಡಲಾಗದೆ ಬಾಕಿ ಉಳಿದರೆ ಚೀಲಕ್ಕೆ ವಾರಕ್ಕೆ 1 ರೂಪಾಯಿ ಖರ್ಚು. ಬಾಕಿಯನ್ನು ಮುಂದೆ ತೀರಿಸಲೇಬೇಕು.

6. ಮನೆಯಿಂದ ಮನೆಗೆ ಮಾತಿಲ್ಲ. ಚೀಟಿ ಮಾತ್ರ ಮಾತನಾಡಬೇಕು. ನಾಲ್ಕು ಮನೆಗಳೂ ಒಂದೇ ತಂಡ. ಒಟ್ಟು ಖರ್ಚು ಕಡಿಮೆಯಾದ ತಂಡವೇ ಗೆದ್ದಂತೆ.

ಅಂಗಡಿಯವನ ಲೆಕ್ಕ

ಆಟದ ಗುಟ್ಟು ಇಷ್ಟೆ: ಮೊದಲ ನಾಲ್ಕು ವಾರ ರೈತರು 4 ಚೀಲ ಕೊಳ್ಳುತ್ತಾರೆ. ಐದನೆಯ ವಾರದಿಂದ 8 ಚೀಲ. ಆಮೇಲೆ ಕೊನೆಯವರೆಗೂ 8 ಚೀಲವೇ. ಬದಲಾವಣೆ ಒಂದೇ ಒಂದು ಸಲ.

ಅಂಗಡಿಯಲ್ಲಿ ಯಾವಾಗಲೂ 12 ಚೀಲ ಇರಬೇಕೆಂಬುದು ಅಂಗಡಿಯವನ ಆಸೆ. ಆದ್ದರಿಂದ ಪ್ರತಿ ವಾರ ಮಾರಿದಷ್ಟನ್ನೂ, ಹನ್ನೆರಡಕ್ಕೆ ಕೊರತೆಯಾದಷ್ಟನ್ನೂ ಸೇರಿಸಿ ಕೇಳುತ್ತಾನೆ. ಇದು ಯಾರಿಗಾದರೂ ನ್ಯಾಯವೆಂದೇ ತೋರುತ್ತದೆ. ಮೇಲಿನವರು ಕೇಳಿದಷ್ಟನ್ನೂ ಕಳಿಸಿದರೆಂದೇ ಇಟ್ಟುಕೊಂಡು ಅವನ ಪುಸ್ತಕವನ್ನು ನೋಡೋಣ.

4ನೇ ವಾರ: ಮಾರಾಟ 4, ಉಳಿಕೆ 12, ಬೇಡಿಕೆ 4
5ನೇ ವಾರ: ಮಾರಾಟ 8, ಉಳಿಕೆ 8, ಬೇಡಿಕೆ 12
6ನೇ ವಾರ: ಮಾರಾಟ 8, ಉಳಿಕೆ 4, ಬೇಡಿಕೆ 16
7ನೇ ವಾರ: ಮಾರಾಟ 8, ಉಳಿಕೆ 0, ಬೇಡಿಕೆ 20
8ನೇ ವಾರ: ಮಾರಾಟ 8, ಉಳಿಕೆ 4, ಬೇಡಿಕೆ 16
9ನೇ ವಾರ: ಮಾರಾಟ 8, ಉಳಿಕೆ 12, ಬೇಡಿಕೆ 8
10ನೇ ವಾರ: ಮಾರಾಟ 8, ಉಳಿಕೆ 24, ಬೇಡಿಕೆ 0
11ನೇ ವಾರ: ಮಾರಾಟ 8, ಉಳಿಕೆ 32, ಬೇಡಿಕೆ 0

ಮುಂದೆ ಇನ್ನೂ ಎರಡು ವಾರ ಅವನು ಏನನ್ನೂ ಕೇಳುವುದಿಲ್ಲ. ತಾಲ್ಲೂಕಿನ ವ್ಯಾಪಾರಿಗೆ ಕಾಣುವುದು ಈ ಕೊನೆಯ ಸಾಲಿನ ಅಂಕಿಗಳು ಮಾತ್ರ. ಬೇಡಿಕೆ 4ರಿಂದ 20ಕ್ಕೆ ಏರಿ, ಸೊನ್ನೆಗೆ ಬಿದ್ದಂತೆ ಅವನಿಗೆ ತೋರುತ್ತದೆ. ವಾಸ್ತವವಾಗಿ ಅವನ ಬಳಿಯೂ 12 ಚೀಲವೇ ಇರುವುದರಿಂದ ಅವನು ಬಾಕಿ ಬೀಳುತ್ತಾನೆ, ಗಾಬರಿಯಿಂದ ಇನ್ನೂ ಹೆಚ್ಚು ಕೇಳುತ್ತಾನೆ. ಮೇಲಿನ ಮನೆಗೆ ಹೋದಂತೆಲ್ಲ ಏರಿಳಿತ ಹೆಚ್ಚುತ್ತದೆ. ಬಾರುಕೋಲಿನ ಹಿಡಿಯನ್ನು ಸ್ವಲ್ಪ ಅಲುಗಿಸಿದರೆ ತುದಿ ಎಷ್ಟು ದೂರ ಬೀಸುತ್ತದೆಯೋ ಹಾಗೆ. ತಜ್ಞರೂ ಇದನ್ನು ಬಾರುಕೋಲಿನ ಪರಿಣಾಮವೆಂದೇ ಕರೆಯುತ್ತಾರೆ.

ಅಂಗಡಿಯವನ ತಪ್ಪೇನು? ಅವನು ಉಗ್ರಾಣವನ್ನು ನೋಡಿದ, ದಾರಿಯನ್ನು ನೋಡಲಿಲ್ಲ. ಏಳನೆಯ ವಾರ 20 ಚೀಲ ಕೇಳುವಾಗ, ಹಿಂದಿನ ಎರಡು ವಾರಗಳಲ್ಲಿ ಕೇಳಿದ 28 ಚೀಲ ಇನ್ನೂ ಬರಬೇಕಾಗಿತ್ತು ಎಂಬುದನ್ನು ಮರೆತ. ಬಿದ್ದ ಕೊರತೆ 12 ಚೀಲ. ಅದಕ್ಕಾಗಿ ಅವನು ಹೆಚ್ಚುವರಿಯಾಗಿ ಕೇಳಿದ್ದು 32 ಚೀಲ.

ಇನ್ನೊಂದು ಲೆಕ್ಕವನ್ನೂ ಹಾಕಿ ನೋಡಿ. ಐದನೆಯ ವಾರದಿಂದ ಪ್ರತಿಯೊಂದು ಮನೆಯವರೂ ತಮಗೆ ಬಂದ 8ರ ಬೇಡಿಕೆಯನ್ನು 8ಆಗಿಯೇ ಮೇಲಕ್ಕೆ ಕಳಿಸಿದ್ದರೆ, ವಾರಕ್ಕೆ 4ರಂತೆ ಮೂರು ವಾರ ದಾಸ್ತಾನು ಇಳಿದು ಸೊನ್ನೆಗೆ ಬರುತ್ತಿತ್ತು. ಅಷ್ಟರಲ್ಲಿ ಹೊಸ ಸರಕು ಬಂದು ಸೇರುತ್ತಿತ್ತು. ಯಾವ ಮನೆಯಲ್ಲೂ ಒಂದು ಚೀಲವೂ ಬಾಕಿ ಬೀಳುತ್ತಿರಲಿಲ್ಲ. ಗೊಬ್ಬರ ಸಾಕಷ್ಟಿತ್ತು, ಅಭಾವವನ್ನು ಹುಟ್ಟಿಸಿದ್ದು ಅಭಾವದ ಭಯ.

ಓದಿದವರು ಹೀಗೆ ಆಡಲಾರರು ಎಂದು ತಿಳಿಯಬೇಡಿ. ಅದೇ ಸಂಸ್ಥೆಯ ಜಾನ್ ಸ್ಟರ್ಮನ್ ಅವರು 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತಂಡಗಳ ಸರಾಸರಿ ಖರ್ಚು, ಆಗಬಹುದಾಗಿದ್ದ ಕನಿಷ್ಠ ಖರ್ಚಿನ ಸುಮಾರು ಹತ್ತು ಪಟ್ಟಾಗಿತ್ತು.

ತರಬೇತಿಯಲ್ಲಿ ಕಂಡದ್ದು

ನಾನು ನಡೆಸಿದ ಒಂದು ತರಬೇತಿಗೆ ಒಂದೇ ಊರಿನ ಗೊಬ್ಬರದ ಅಂಗಡಿಯವರೂ ಹಿರಿಯ ರೈತರೊಬ್ಬರೂ ಬಂದಿದ್ದರು. ಹಿಂದಿನ ಮುಂಗಾರಿನಲ್ಲಿ ಯೂರಿಯಾ ವಿಷಯವಾಗಿ ಜಗಳವಾಗಿ ಇಬ್ಬರಿಗೂ ಮಾತು ನಿಂತಿತ್ತು. ಇದನ್ನು ತಿಳಿಯದೆ ನಾನು ಹಿರಿಯರನ್ನು ಅಂಗಡಿಯ ಮನೆಯಲ್ಲೂ ಅಂಗಡಿಯವರನ್ನು ಕಾರ್ಖಾನೆಯ ಮನೆಯಲ್ಲೂ ಕೂರಿಸಿದೆ. ಒಂಬತ್ತನೆಯ ವಾರ ಹಿರಿಯರ ಮುಂದೆ ಒಂದು ಹುಣಸೆಬೀಜವೂ ಇರಲಿಲ್ಲ. ಹದಿನೆಂಟನೆಯ ವಾರದ ಹೊತ್ತಿಗೆ ಕಾರ್ಖಾನೆಯ ಮುಂದೆ ಬೀಜದ ರಾಶಿ ಬಿದ್ದಿತ್ತು, ಕೇಳುವವರಿರಲಿಲ್ಲ.

ಆಟ ಮುಗಿದ ಮೇಲೆ, ರೈತರು ವಾರವಾರ ಎಷ್ಟು ಕೊಂಡಿರಬಹುದೆಂದು ಗೆರೆ ಎಳೆದು ತೋರಿಸುವಂತೆ ಮೇಲಿನ ಮೂರೂ ಮನೆಯವರಿಗೆ ಹೇಳಿದೆ. ಎಲ್ಲರೂ ಗುಡ್ಡ ಕಣಿವೆಗಳನ್ನು ಬರೆದರು. ನಿಜವಾದ ಗೆರೆಯನ್ನು ಹಲಗೆಯ ಮೇಲೆ ಎಳೆದಾಗ ಸಭೆ ಒಂದು ಗಳಿಗೆ ಸುಮ್ಮನಾಯಿತು. ಹಿರಿಯರೇ ಮೊದಲು ಮಾತನಾಡಿದರು: "ಮೇಲಿಂದ ಬರದೇ ಇದ್ರೆ ನೀನಾದ್ರೂ ಎಲ್ಲಿಂದ ತರ್ತಿದ್ದೆ ಬಿಡಪ್ಪ." ಅಂಗಡಿಯವರು, "ಮುಗಿಸಿಕೊಂಡು ಒಟ್ಟಿಗೇ ಊರಿಗೆ ಹೋಗೋಣ ಯಜಮಾನ್ರೆ, ನನ್ನ ಗಾಡೀಲೇ ಬನ್ನಿ" ಎಂದರು. ಎರಡನೆಯ ಸಲ, ಅಂಗಡಿಯ ಮಾರಾಟವನ್ನು ಎಲ್ಲರಿಗೂ ಕಾಣುವಂತೆ ಹಲಗೆಯ ಮೇಲೆ ಬರೆಯುತ್ತಾ ಆಡಿದೆವು. ಖರ್ಚು ಮೊದಲ ಆಟದ ಅರ್ಧಕ್ಕೂ ಬರಲಿಲ್ಲ.

ಊರಿನಲ್ಲಿ ಅನುಸರಿಸಬೇಕಾದ ಕ್ರಮಗಳು

1. ಬೇಡಿಕೆ ಬರೆಯುವ ಮುನ್ನ ಮೂರು ಅಂಕಿಗಳನ್ನು ನೋಡಿರಿ: ಕೈಯಲ್ಲಿರುವುದು, ದಾರಿಯಲ್ಲಿರುವುದು, ಕೊಡಬೇಕಾದ ಬಾಕಿ. ಮೊದಲೆರಡನ್ನು ಕೂಡಿ ಮೂರನೆಯದನ್ನು ಕಳೆದರೆ ಬರುವುದೇ ನಿಜವಾದ ದಾಸ್ತಾನು.

2. ಕೊರತೆಯನ್ನು ಒಂದೇ ಸಲ ತುಂಬಲು ಹೋಗಬೇಡಿ. 12 ಚೀಲದ ಕೊರತೆಯನ್ನು ವಾರಕ್ಕೆ 2ರಂತೆ ಆರು ವಾರಗಳಲ್ಲಿ ತುಂಬಿಕೊಳ್ಳಿ. ಮಾರಾಟ ಇಷ್ಟು, ಕೊರತೆಗೆ ಇಷ್ಟು ಎಂದು ಚೀಟಿಯಲ್ಲಿ ಬೇರೆಬೇರೆಯಾಗಿ ತಿಳಿಸಿ.

3. ಅರ್ಧ ಮಾತ್ರ ಸಿಗುವುದೆಂದು ಎರಡರಷ್ಟು ಕೇಳುವುದು, ಒಂದೇ ಎಕರೆಗೆ ಮೂರು ಅಂಗಡಿಗಳಲ್ಲಿ ಹೆಸರು ಬರೆಸುವುದು ಬೇಡ. ಸುಳ್ಳು ಬೇಡಿಕೆ ಮೇಲೆ ಹೋದಂತೆ ಬೆಳೆಯುತ್ತದೆ. ಹೌ ಲೀ, ಪದ್ಮನಾಭನ್, ವಾಂಗ್ ಎಂಬ ಮೂವರು ತಜ್ಞರು 1997ರಲ್ಲಿ ಬಾರುಕೋಲಿನ ಪರಿಣಾಮಕ್ಕೆ ಕೊಟ್ಟ ನಾಲ್ಕು ಕಾರಣಗಳಲ್ಲಿ ಇದೂ ಒಂದು. ಬೇಡಿಕೆಯ ತಪ್ಪು ಅಂದಾಜು, ಲೋಡುಗಟ್ಟಲೆ ಒಮ್ಮೆಲೇ ತರಿಸುವುದು, ಬೆಲೆಯ ಏರಿಳಿತ ನೋಡಿ ಮುಂಚಿತವಾಗಿ ಕೊಂಡಿಡುವುದು ಉಳಿದ ಮೂರು.

4. ಸಹಕಾರ ಸಂಘದವರು ವಾರದ ಮಾರಾಟವನ್ನೂ ಬರಬೇಕಾದ ಸರಕನ್ನೂ ಫಲಕದ ಮೇಲೆ ಬರೆಯಬೇಕು. 2018ರಿಂದ ದೇಶದಾದ್ಯಂತ ಸಬ್ಸಿಡಿ ಗೊಬ್ಬರದ ಮಾರಾಟ ಅಂಗಡಿಯ ಪಿ.ಓ.ಎಸ್. ಯಂತ್ರದಲ್ಲಿ ದಾಖಲಾಗುತ್ತಿದೆ. ನಿಜವಾದ ಮಾರಾಟದ ಅಂಕಿ ಈಗ ಗುಟ್ಟಾಗಿ ಉಳಿಯಬೇಕಾಗಿಲ್ಲ. ಮಾರಿದ ದಿನವೇ ಯಂತ್ರದಲ್ಲಿ ಸರಿಯಾಗಿ ನಮೂದಿಸಿದರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ.

ಪ್ರತಿಯೊಂದು ಅಭಾವವೂ ಭಯದಿಂದಲೇ ಹುಟ್ಟುತ್ತದೆಂದು ಹೇಳಲಾಗದು. ಹಡಗು ತಡವಾಗಬಹುದು, ರೈಲ್ವೆ ವ್ಯಾಗನ್ನು ಸಿಗದಿರಬಹುದು, ಕಾಳಸಂತೆಯೂ ನಡೆಯಬಹುದು. ಆದರೆ ಆ ನಿಜವಾದ ಕೊರತೆಯನ್ನೂ ಗಾಬರಿಯ ಬೇಡಿಕೆ ಇಮ್ಮಡಿಗೊಳಿಸುತ್ತದೆ.

ಕೊನೆಯದಾಗಿ ಬೇಸಾಯಶಾಸ್ತ್ರದ ಒಂದು ಮಾತು. ಮೆಕ್ಕೆಜೋಳಕ್ಕೆ ಬಿತ್ತಿದ ಸುಮಾರು 30 ದಿನಗಳಿಗೆ ಮೇಲುಗೊಬ್ಬರ ಕೊಡುತ್ತೇವೆ. ಆಟದಲ್ಲಿ ಸರಕು ಬರಲು ಹಿಡಿಯುವುದು ಮೂರು ವಾರ. ಬಿತ್ತಿದ ದಿನವೇ ಇಷ್ಟು ಎಕರೆ, ಇಷ್ಟು ಚೀಲ, ಇಂಥ ವಾರ ಬೇಕು ಎಂದು ಸಂಘದ ಪುಸ್ತಕದಲ್ಲಿ ಬರೆಸಿದರೆ ಇಡೀ ಸರಪಳಿಗೆ ನಾಲ್ಕು ವಾರದ ಮುನ್ಸೂಚನೆ ಸಿಕ್ಕಂತಾಯಿತು. ಅಂಗಡಿಯವನಿಗಾಗಲಿ, ಸಗಟು ವಿತರಕನಿಗಾಗಲಿ, ಕಾರ್ಖಾನೆಗಾಗಲಿ ಇಷ್ಟು ಮುಂಚೆ ಗೊತ್ತಾಗದ ಆ ಅಂಕಿಯನ್ನು ಬಲ್ಲವನು ರೈತನೊಬ್ಬನೇ. ಈ ಮುಂಗಾರಿಗೆ ಮುನ್ನ ನಿಮ್ಮ ಸಂಘದಲ್ಲಿ ಒಮ್ಮೆ ಹುಣಸೆಬೀಜ ಹರಡಿ ಆಡಿ ನೋಡಿರಿ. ಬಿತ್ತನೆಯಾದ ದಿನ ಸಂಘದ ಪುಸ್ತಕದಲ್ಲಿ ನಿಮ್ಮ ಅಂಕಿ ಬರೆಸುವುದನ್ನು ಮರೆಯಬೇಡಿ.