ದೊಡ್ಡಸ್ವಾಮಿಯವರ ಲೆಕ್ಕ

ಮಗಾ, ನಮ್ಮ ಚರ್ಚಿನ ಪಾಲನಾ ಪರಿಷತ್ತಿಗೆ ನಿನ್ನನ್ನು ಕಾರ್ಯದರ್ಶಿ ಮಾಡಿದ್ದಾರೆಂದು ನಿಮ್ಮಪ್ಪ ಹೇಳಿದ. ಸಂತೋಷ. ನಂಜನಗೂಡಿನಲ್ಲಿ ನಮ್ಮವರು ಇರುವುದೇ ಕಡಿಮೆ. ಒಬ್ಬರ ಮನೆ ಸಂಗತಿ ಇನ್ನೊಬ್ಬರಿಗೆ ಗೊತ್ತು. ಗೊತ್ತಿದ್ದೂ ಯಾರೂ ಲೆಕ್ಕ ಕೇಳುವುದಿಲ್ಲ. ನೆಂಟಸ್ತನ ಅಡ್ಡ ಬರುತ್ತದೆ, ‘ದೇವರ ಕೆಲಸ, ಹೇಗೆ ಕೇಳುವುದು’ ಎಂಬ ಸಂಕೋಚ ಬೇರೆ. ಆದ್ದರಿಂದ ಕೇಳುವ ಮೊದಲೇ ಒಪ್ಪಿಸುವ ಅಭ್ಯಾಸ ಇಟ್ಟುಕೋ.

ಹಾಗೆ ಒಪ್ಪಿಸುವುದಕ್ಕೆ ದೀನತೆ ಬೇಕು. ದೀನತೆ ಎಂದ ಕೂಡಲೇ ನಮಗೆಲ್ಲ ಪವಿತ್ರ ಗುರುವಾರದ ಪಾದ ತೊಳೆಯುವ ವಿಧಿ ನೆನಪಾಗುತ್ತದೆ. ಮನೆಯಲ್ಲೇ ಸೋಪು ಹಾಕಿ ಉಜ್ಜಿದ ಕಾಲನ್ನು, ಇಸ್ತ್ರಿ ಮಾಡಿದ ಪಂಚೆ ಎತ್ತಿ ಹಿಡಿದು, ಸ್ವಾಮಿಗಳ ಮುಂದೆ ಚಾಚುತ್ತೇವೆ. ಯೇಸುಸ್ವಾಮಿ ತೊಳೆದದ್ದು ಬೀದಿ ಧೂಳು ಮೆತ್ತಿದ ಕಾಲು. ಮನೆಯಾಳು ಮಾಡುವ ಕೆಲಸ ಅದು. 2013ರಲ್ಲಿ ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಸೆರೆಮನೆಗೇ ಹೋಗಿ ಅಲ್ಲಿನ ಹುಡುಗ ಹುಡುಗಿಯರ ಕಾಲು ತೊಳೆದರು, ಅವರಲ್ಲಿ ಮುಸ್ಲಿಮರೂ ಇದ್ದರು. ಅಂಥದ್ದು ನಮ್ಮಿಂದ ಆಗಲಿ, ಆಗದಿರಲಿ, ವರ್ಷಕ್ಕೊಂದು ಸಲ ಎಲ್ಲರೆದುರು ಬಾಗುವುದೇನೂ ಕಷ್ಟವಲ್ಲ. ಕಷ್ಟ ಇರುವುದು ವರದಿ ಬರೆಯುವಾಗ.

ಇದಕ್ಕೆ ನಮ್ಮ ಸೀಮೆಯವರೇ ಎನ್ನಬಹುದಾದ ಒಬ್ಬರ ಕತೆ ಕೇಳು. ಅಬ್ಬೆ ದುಬ್ವಾ ಎಂಬ ಗುರುಗಳು 1792ರಲ್ಲಿ ಫ್ರಾನ್ಸಿನಿಂದ ಬಂದವರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಚದುರಿಹೋಗಿದ್ದ ಕ್ರೈಸ್ತರನ್ನು ಒಂದುಗೂಡಿಸಲು ಮೈಸೂರು ಸೀಮೆಗೆ ಬಂದರು. ತಲೆಗೆ ಪೇಟ, ಮೈಗೆ ಇಲ್ಲಿಯ ಉಡುಗೆ, ಊಟವೂ ಇಲ್ಲಿಯವರದೇ. ಜನ ದೊಡ್ಡಸ್ವಾಮಿಯೋರು ಎಂದು ಕರೆದರು. ಸಿಡುಬಿನ ದಾಕು ಎಂದರೆ ಓಡಿಹೋಗುತ್ತಿದ್ದ ಕಾಲದಲ್ಲಿ 1803–04ರ ಸುಮಾರಿಗೆ 25 ಸಾವಿರಕ್ಕೂ ಹೆಚ್ಚು ಜನಕ್ಕೆ ಹಾಕಿಸಿದರೆಂದು ದಾಖಲೆಯಿದೆ.

ಸುಮಾರು ಮೂವತ್ತು ವರ್ಷ ದುಡಿದು 1823ರಲ್ಲಿ ಊರಿಗೆ ಹಿಂತಿರುಗಿದರು. ಅದೇ ವರ್ಷ ಅಚ್ಚಾದ ಅವರ ಪತ್ರಗಳಲ್ಲಿ ಒಂದು ಲೆಕ್ಕವಿದೆ: ಇಷ್ಟು ವರ್ಷದಲ್ಲಿ, ಇಲ್ಲಿಯವರೇ ಆದ ಇನ್ನೊಬ್ಬ ಪ್ರಚಾರಕರ ನೆರವೂ ಸೇರಿ, ಹೊಸದಾಗಿ ಧರ್ಮಕ್ಕೆ ಬಂದವರು ಇನ್ನೂರರಿಂದ ಮುನ್ನೂರು ಜನ, ಅಷ್ಟೇ. ಸೊನ್ನೆ ಸೇರಿಸಿದ್ದರೆ ಯುರೋಪಿನಿಂದ ಬಂದು ಎಣಿಸುವವರು ಯಾರಿದ್ದರು? ಕಾಣಿಕೆ ಕೊಡುವವರಿಗೆ ದೊಡ್ಡ ಸಂಖ್ಯೆಯೇ ಬೇಕಾಗಿದ್ದ ಕಾಲ ಅದು. ಆದರೂ ಅವರು ಹೆಚ್ಚಿಸಿ ಬರೆಯಲಿಲ್ಲ. ಆ ಇನ್ನೂರು ಮುನ್ನೂರು ಬಡವರ ಬಗ್ಗೆ ಅವರು ಆಡಿದ ಹಗುರ ಮಾತು ಮಾತ್ರ ನನಗೆ ಇವತ್ತಿಗೂ ಹಿಡಿಸುವುದಿಲ್ಲ. ನಮ್ಮ ಹಿರೀಕರೂ ಅವರಲ್ಲಿ ಇದ್ದಿರಬಹುದು.

ಇನ್ನೊಂದು ಮಗ್ಗುಲೂ ಇದೆ, ಮುಚ್ಚಿಡಬಾರದು. ಹಿಂದೂಗಳ ಆಚಾರ ವಿಚಾರಗಳ ಮೇಲೆ ಅವರು ಬರೆದುಕೊಟ್ಟ ಹಸ್ತಪ್ರತಿಯನ್ನು ಕಂಪನಿ ಸರ್ಕಾರ 2000 ವರಹ ಕೊಟ್ಟು ಕೊಂಡಿತು. 1816ರಲ್ಲಿ ಅದರ ಇಂಗ್ಲಿಷ್ ಪುಸ್ತಕ ಬಂತು, ಹೆಸರೂ ಬಂತು. ಸಿಲ್ವಿಯಾ ಮುರ್ ಎಂಬ ಫ್ರೆಂಚ್ ವಿದುಷಿ 1987ರಲ್ಲಿ ಹೊರತಂದ ಅಧ್ಯಯನ ತೋರಿಸಿಕೊಟ್ಟಿತು: ಅದರಲ್ಲಿ ಬಹಳಷ್ಟು, ದುಬ್ವಾ ಬರುವ ಮೊದಲೇ ತೀರಿಕೊಂಡಿದ್ದ ಕೇರ್ದೂ ಎಂಬ ಯೇಸುಸಭೆಯ ಪಾದ್ರಿಯ ಬರಹ. ಆ ಹೆಸರಿಗೆ ಸಲ್ಲಬೇಕಾದದ್ದು ಸಲ್ಲಲಿಲ್ಲ. ಆಗಿನ ಕಾಲದಲ್ಲಿ ಹಾಗೆ ಮಾಡುತ್ತಿದ್ದರು ಎಂದು ಸಮಜಾಯಿಷಿ ಕೊಡುವವರಿದ್ದಾರೆ. ಇರಲಿ. ತನ್ನ ಸೋಲನ್ನು ಅಂಕಿಯಲ್ಲಿ ಬರೆದ ಕೈಯೇ ಇನ್ನೊಬ್ಬರ ದುಡಿಮೆಗೆ ತನ್ನ ಹೆಸರು ಹಾಕಿಕೊಂಡಿತಲ್ಲ, ನನಗೆ ಭಯ ಹುಟ್ಟಿಸುವುದು ಅದು. ದುಡ್ಡು ಮುಟ್ಟದವನೂ ಹೆಸರಿನ ವಿಷಯದಲ್ಲಿ ಜಾರುತ್ತಾನೆ. ನಿನಗೂ ದುಡ್ಡಿನ ಆಸೆ ಇಲ್ಲ ಎಂದು ನಾನು ಬಲ್ಲೆ, ಅದಕ್ಕೇ ಹೇಳುತ್ತಿದ್ದೇನೆ.

ಹಬ್ಬದ ಫ್ಲೆಕ್ಸಿನಲ್ಲಿ ನಿನ್ನ ಫೋಟೋ ಹಾಕಿಸುತ್ತೇವೆಂದು ಹುಡುಗರು ಬರುತ್ತಾರೆ, ಬೇಡ ಎನ್ನು. ವಾರ್ಷಿಕ ವರದಿಯಲ್ಲಿ ‘ನನ್ನ ಅವಧಿಯಲ್ಲಿ’ ಎಂದು ಶುರುಮಾಡಬೇಡ. ಹಿಂದಿನವರು ಅಡಿಪಾಯ ಹಾಕಿದ್ದರೆ ಅವರ ಹೆಸರು ಬರೆ, ಅವರ ಮೇಲೆ ನಿನಗೆ ಮುನಿಸಿದ್ದರಂತೂ ತಪ್ಪದೇ ಬರೆ. ತೇರಿಗೆ ಹೂವು ಕಟ್ಟಿದ ಹೆಂಗಸರನ್ನು ‘ಮಹಿಳಾ ಸಂಘದವರು’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೀರಿ, ಚೆಕ್ಕು ಕೊಟ್ಟವರ ಹೆಸರು ಮಾತ್ರ ಅಮೃತಶಿಲೆಯ ಮೇಲೆ ಕೆತ್ತಿಸುತ್ತೀರಿ. ಆ ಪದ್ಧತಿ ನಿನ್ನ ಕಾಲಕ್ಕಾದರೂ ನಿಲ್ಲಲಿ. ಗುರುಗಳು ತಪ್ಪು ಮಾಡಿದರೆ ಹೇಳು, ಆದರೆ ಸಭೆಯಲ್ಲಲ್ಲ, ಅವರ ಕೋಣೆಗೆ ಹೋಗಿ ಹೇಳು. ನಿನ್ನ ತಪ್ಪು ಯಾರಾದರೂ ಸಭೆಯಲ್ಲೇ ಹೇಳಿದರೆ, ಕೂತು ಕೇಳಿಸಿಕೊ.

ಭಾನುವಾರದ ಕಾಣಿಕೆಯನ್ನು ಒಬ್ಬನೇ ಎಣಿಸಬೇಡ, ನಂಬಿಕಸ್ಥ ಎಂದು ಎಲ್ಲರೂ ಹೊಗಳಿದರೂ ಸರಿಯೇ. ಇಬ್ಬರು ಎಣಿಸಿ, ಇಬ್ಬರೂ ರುಜು ಹಾಕಿ, ಸೋಮವಾರವೇ ಬ್ಯಾಂಕಿಗೆ ಕಟ್ಟಿ. ವಂತಿಗೆ ಕಡಿಮೆ ಬಂದರೆ ಕಡಿಮೆ ಎಂದೇ ಓದು. ಕೈಯಿಂದ ಹಾಕಿ ಸರಿದೂಗಿಸಿ ಯಶಸ್ಸು ತೋರಿಸಲು ಹೋಗಬೇಡ. ಹಾಗೇ ಹೋದ ವರ್ಷದ ಶಾಮಿಯಾನದವನ ಬಾಕಿ ಇನ್ನೂ ಇದೆಯಂತೆ. ಹೊಸ ಮೈಕ್ ಸೆಟ್ಟಿನ ಮಾತು ಎತ್ತುವ ಮುಂಚೆ ಅವನಿಗೆ ಕೊಟ್ಟು ರಸೀತಿ ಇಸಿದುಕೊ.